ಪಾಲಯ್ಯನ ಪ್ರಾಣರಕ್ಷಕ ಪಟ್ಟಿ

ರಾಯದುರ್ಗದಲ್ಲಿ ಇಪ್ಪತ್ತು ವರ್ಷ ಜೀನ್ಸ್ ಪ್ಯಾಂಟು ಹೊಲಿದ ಪಾಲಯ್ಯನಿಗೆ, ಹೊಲಿಗೆಯಿಂದ ಬಗೆಹರಿಯದ ಸಮಸ್ಯೆ ಈ ಭೂಮಂಡಲದಲ್ಲಿ ಒಂದೂ ಇಲ್ಲವೆಂಬ ನಂಬಿಕೆ. ಅಂಥವನ ಮುಂದೆ ಹೆಂಡತಿ ನಾಗವೇಣಿ ಎದ್ದರೆ ಸಾರವೆ, ಕೂತರೆ ಸಾರವೆ ಎಂದು ಜಪ ಮಾಡತೊಡಗಿದ್ದು ಅವನ ಕಸುಬಿಗೇ ಆದ ಅವಮಾನವಾಗಿತ್ತು.

ನಡೆದದ್ದು ಇಷ್ಟೆ. ಮಾಳಿಗೆಯ ಮೇಲೆ ಎಬ್ಬಿಸಿದ ಹೊಸ ಕೋಣೆಯ ಹೊರಗೋಡೆಗೆ ಪ್ಲಾಸ್ಟರ್ ಸಾಗಿತ್ತು. ಎರಡು ಹಗ್ಗಕ್ಕೆ ನೇತುಹಾಕಿದ ಒಂದೇ ಒಂದು ಹಲಗೆ. ಅದರ ಮೇಲೆ ನಿಂತು ಕೆಲಸ. ಅಂಜಿ ಎಂಬ ಕೂಲಿಯಾಳು ಜಾರಿ ಕೆಳಗಿನ ಉಸುಕಿನ ಗುಡ್ಡೆಯ ಮೇಲೆ ಬಿದ್ದ. ಮೊಣಕೈ ತರಚಿತು, ಅಷ್ಟೆ. ನಾಗವೇಣಿ ಅರಿಶಿನ ಹಚ್ಚಿ, ಉಪ್ಪಿಟ್ಟು ತಿನ್ನಿಸಿ, ಒಳಗೆ ಹೋಗಿ ಅತ್ತಳು. ಹೊರಗೆ ಬಂದವಳೇ, ಎರಡು ಹಲಗೆ ಅಗಲದ, ಕಟಕಟೆಯಿರುವ ಗಟ್ಟಿ ಸಾರವೆ ಕಟ್ಟುವ ತನಕ ಯಾರೂ ಗೋಡೆಯ ಹೊರಗೆ ಕಾಲಿಡಕೂಡದೆಂದು ಅಪ್ಪಣೆ ಹೊರಡಿಸಿದಳು.

"ಅವ್ನ ಹೆಂಡ್ತಿ ಹೆತ್ತು ಇನ್ನಾ ತಿಂಗ್ಳಾಗಿಲ್ರಿ. ಉಸುಕು ಒಂದು ಮಾರು ಆಚಿಗಿದ್ದಿದ್ರ ಆಕಿಗೆ ನಾ ಏನಂತ ಹೇಳ್ಬೇಕಿತ್ತು?"

ಪಾಲಯ್ಯನಿಗೂ ಎದೆ ಧಸಕ್ ಎಂದಿತ್ತು. (ಒಪ್ಪಿಕೊಳ್ಳಲಿಲ್ಲ; ಎರಡು ಚೊಂಬು ನೀರು ಮಾತ್ರ ಕುಡಿದ.) ಆದರೆ ಮೈಗೆ ಬಿಗಿದು ಹಗ್ಗಕ್ಕೆ ಕಟ್ಟುವ ಪಟ್ಟಿಯೊಂದನ್ನು ಹೊಲಿದು ಮುಗಿಸುವ ಕೆಲಸಕ್ಕೆ ಮನೆ ಸುತ್ತ ಕಂಬ ನೆಡುವುದೇ? ಮೂರು ದಿನ ಮಷೀನಿನ ಮುಂದೆ ತಪಸ್ಸಿಗೆ ಕೂತ. ನಾಲ್ಕು ಪದರ ಜೀನ್ಸ್ ಬಟ್ಟೆ, ಕಿತ್ತಳೆ ದಾರ, ಡಬಲ್ ಹೊಲಿಗೆ, ಸೊಂಟಕ್ಕೊಂದು, ತೊಡೆಗೆರಡು, ಹೆಗಲಿಗೆರಡು ಪಟ್ಟಿ. ಅಭ್ಯಾಸಬಲದಿಂದ ಹಿಂದೆ ಎರಡು ಜೇಬೂ ಬಂದವು.

ಮೇಸ್ತ್ರಿ ಉಚ್ಚಂಗೆಪ್ಪ ಅದನ್ನು ತಿರುವಿ ಮುರುವಿ ನೋಡಿ ಮೆಚ್ಚಿದ. ತೊಡಲು ಮಾತ್ರ ಮುಂದೆ ಬರಲಿಲ್ಲ.

"ಹೊಲಿಗಿ ಭಾಳ ಚಲೋ ಐತಣ್ಣ. ಮೊದ್ಲು ನೀವ ತೊಟ್ಟು ತೋರಿಸ್ರಿ."

ತೋರಿಸದಿದ್ದರೆ ಹೊಲಿಗೆಯ ಮಾನ ಹೋಗುತ್ತಿತ್ತು. ಪಾಲಯ್ಯ ಪಟ್ಟಿ ಬಿಗಿದು, ಅದರ ಹಗ್ಗವನ್ನು ಹೊಸ ಗೋಡೆಯ ಮೇಲಿಂದ ಚಾಚಿದ್ದ ಕಬ್ಬಿಣದ ಕಂಬಿಗೆ ಕಟ್ಟಿ, ಹಲಗೆಗೆ ಇಳಿದು, ಓಣಿಯತ್ತ ತಿರುಗಿ ಕಾರ್ಮಿಕರ ಕ್ಷೇಮದ ಬಗ್ಗೆ ಭಾಷಣ ಶುರುಮಾಡಿದ. ಎರಡನೇ ವಾಕ್ಯಕ್ಕೆ ಹಲಗೆ ವಾಲಿ, ಅವನ ಕಾಲು ಜಾರಿತು.

ಒಂದು ಹೊಲಿಗೆಯೂ ಬಿಚ್ಚಲಿಲ್ಲ, ತೊಂದರೆಯಾದದ್ದೇ ಅಲ್ಲಿ. ಹಗ್ಗದ ಕೊಂಡಿಯನ್ನು ಅವನು ಬೆನ್ನಿಗೆ ಹೊಲಿದಿದ್ದ. ಹಾಗಾಗಿ ಮಹಾಶಯ ಬಾಗಿಕೊಂಡು, ಕೊಂಡಿಗೆ ಎಟುಕದ ಕೈ ಆಡಿಸುತ್ತ ಗಾಳಿಯಲ್ಲಿ ತೂಗಾಡಿದ. ಮೇಲಿನಿಂದ ಎಳೆಯಲು ಹೋದರೆ ಹೊಸ ಇಟ್ಟಿಗೆಗಳು ಅಲುಗಿದವು. ಅವು ತನ್ನ ತಲೆಯ ಮೇಲೇ ಬೀಳುತ್ತವೆಂದು ತಾನೇ ಬೇಡವೆಂದ. ಕೆಳಗಿನಿಂದ ಏಣಿ ಇಟ್ಟರೆ ಅದು ಅವನ ಕಾಲಿನ ಹೆಬ್ಬೆರಳಿಗೆ ಮಾತ್ರ ನಿಲುಕಿತು. ಓಣಿ ತುಂಬಿತು.

ನಾಗವೇಣಿ ಹೊರಗೆ ಬಂದು, ಗಂಡ ಬಯ್ಯುತ್ತಿರುವುದನ್ನು ಕೇಳಿ ಜೀವಕ್ಕೆ ಅಪಾಯವಿಲ್ಲವೆಂದು ಸಮಾಧಾನ ಪಟ್ಟು, ಸಾರವೆ ಕಟ್ಟುವ ಗೋಪಾಲಪ್ಪನಿಗೆ ಫೋನು ಮಾಡಿದಳು. ಕಂಬಗಳು ಆಟೋದಲ್ಲಿ ಬಂದವು. ಪಾಲಯ್ಯನ ಸುತ್ತಲೇ ಸಾರವೆ ಎದ್ದಿತು. ಹಲಗೆ ಎಷ್ಟು ಎತ್ತರಕ್ಕಿರಬೇಕೆಂಬುದನ್ನು ಗೋಪಾಲಪ್ಪ ಅವನ ಅಂಗಾಲು ನೋಡಿಯೇ ಅಳೆದ. ಪಾಲಯ್ಯ ಮೇಲಿನಿಂದ ಕೊಟ್ಟ ಸಲಹೆಗಳನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾಲಿಗೆ ಹಲಗೆ ಸಿಕ್ಕಿ, ಹಗ್ಗ ಬಿಚ್ಚಿದ ಮೇಲೂ ಪಾಲಯ್ಯ ಕಟಕಟೆ ಬಿಡಲಿಲ್ಲ. ನಾಗವೇಣಿ ಹತ್ತಿ ಬಂದು ಸೆರಗಿನಿಂದ ಅವನ ಮುಖ ಒರೆಸಿದಳು. ಜನ ನೋಡುತ್ತಿದ್ದಾರೆ, ಇದನ್ನೆಲ್ಲ ಬೇಗ ಬಿಚ್ಚಿಸಿ ಕಳಿಸು ಎಂದು ಅವನು ಪಿಸುಗುಟ್ಟಿದ.

ಅವಳು ಕೆಳಗೆ ಬಗ್ಗಿ ಹೇಳಿದಳು: "ಗೋಪಾಲಪ್ಪಣ್ಣ, ಕೆಲ್ಸ ಮುಗಿಯೋತನಕ ಇದು ಹಿಂಗ ಇರ್ಲಿ. ಅಂಜಿ, ಇನ್ನ ಹತ್ತಪ್ಪ. ಗಟ್ಟಿ ಐತೋ ಇಲ್ಲೋ ಅಂತ ನಮ್ಮನಿಯವ್ರು ತಾವ ನಿಂತು ನೋಡ್ಯಾರ."

ಅಂಜಿ ಹತ್ತಿದ. ಎರಡೂ ಹಲಗೆಗಳನ್ನು ತುಳಿದು ನೋಡಿ, ಕಟಕಟೆಗೆ ಬೆನ್ನು ಕೊಟ್ಟು, ಯಜಮಾನನಿಗೆ ಮರ್ಯಾದೆಯಿಂದಲೇ ಹೇಳಿದ:

"ತುಸು ಆಚಿಗೆ ಸರೀರಿ ಅಣ್ಣ, ಗೋಡಿಗೆ ಅಡ್ಡ ನಿಂತೀರಿ."