ಹಗ್ಗದ ಬಳಕೆದಾರ

ಪುಣ್ಯಕ್ಕೆ ಹೊಸ ಹಗ್ಗ ಕಿತ್ತುಹೋದಾಗ ಅದಕ್ಕೆ ನೇತಾಡುತ್ತಿದ್ದದ್ದು ಮನುಷ್ಯನಲ್ಲ, ಕಾಫಿ ಮೂಟೆ. ತೋಟದ ನೆರಳುಮರ ಹತ್ತಿ ಕೊಂಬೆ ಕಡಿಯುವವರ ಸೊಂಟಕ್ಕೆಂದು ತೋಟದ ಲೆಕ್ಕ ಬರೆಯುವ ರೈಟರ್ ಧರ್ಮ ಅದನ್ನು ಸಕಲೇಶಪುರದಿಂದ ತಂದಿದ್ದ. ಪರೀಕ್ಷೆಗೆಂದು ಮೂಟೆ ಕಟ್ಟಿ ಎತ್ತಿದರೆ ಶ್ಯಾವಿಗೆಯಂತೆ ತುಂಡಾಯಿತು.

"ಸಂಜೆಯೊಳಗೆ ಬೇರೆ ತಾ ಮಾರಾಯ," ಎಂದರು ಎಸ್ಟೇಟ್ ಮಾಲೀಕ ಜೆರಾಲ್ಡ್. "ಇಲ್ಲದಿದ್ರೆ ನಾಳೆ ಇದನ್ನೇ ಕಟ್ಕೊಂಡು ನೀನೇ ಹತ್ತು."

ಧರ್ಮ ಬಲ್ಬ್ ಬದಲಿಸಲೂ ಹೆಂಡತಿಯನ್ನು ಸ್ಟೂಲ್ ಹತ್ತಿಸುವವನು. ಸಿಕ್ಕಿದ ಬಸ್ಸಿಗೆ ನೇತುಬಿದ್ದು, ಹಗ್ಗ ಮಾರಿದ್ದ ರುದ್ರಯ್ಯನ ಅಂಗಡಿ ಸೇರಿದ.

"ರುದ್ರಯ್ನೋರೇ, ಹಗ್ಗ ಕಿತ್ತೋಯ್ತು."

"ಅಗ್ಗ ಐತೆ ತಗೊಳ್ಳಿ ಅಂದಿದ್ದೆ. ಗಟ್ಟಿ ಐತೆ ಅಂದಿದ್ನಾ?"

ಈ ಸೀಮೆಯ ಬಾಯಲ್ಲಿ ಹಕಾರ ಎಂದೋ ಉದುರಿಹೋಗಿದೆ. ಹಗ್ಗವೂ ಅಗ್ಗ, ಅಗ್ಗವೂ ಅಗ್ಗ. ರುದ್ರಯ್ಯ ಮಾರಿದ್ದು ಯಾವುದನ್ನೆಂದು ಅವನ ನಾಲಿಗೆಗೇ ಗೊತ್ತು.

ಮೊಳೆ ಕೊಳ್ಳಲು ಬಂದಿದ್ದ ನಂಜಮ್ಮ ಬಾಯಿ ಹಾಕಿದಳು. "ಮನುಷ್ಯಂಗೆ ಅಂತ ಏಳಿದ್ಯೇನಪ್ಪ? ಎಮ್ಮೆಗೆ ಅಂದ್ಕಂಡಿರ್ತಾರೆ, ಪಾಪ."

ಅಷ್ಟರಲ್ಲಿ ಬಳಕೆದಾರರ ಸಂಘದ ಕಲ್ಯಾಣಮ್ಮ ಟೀಚರ್ ಒಳಬಂದರು. ಧರ್ಮ ತಂದಿದ್ದ ತುಂಡು ಹಗ್ಗ ಹಿಡಿದು ಕನ್ನಡಕ ಏರಿಸಿದರು. "ಐಎಸ್ಐ ಗುರುತೆಲ್ಲಿ? ಎಷ್ಟು ಭಾರ ತಡೆಯುತ್ತೆ ಅಂತ ಎಲ್ಲಿ ಹಾಕಿದೆ? ರುದ್ರಯ್ಯ, ನಿಮ್ಮನ್ನ ಬಳಕೆದಾರರ ವೇದಿಕೆಗೆ ಎಳೀತೀನಿ."

"ಎಳೀರಿ ಮೇಡಂ. ಈ ಅಗ್ಗದಲ್ಲಿ ಮಾತ್ರ ಎಳೀಬೇಡಿ, ಕಿತ್ತೋಯ್ತದೆ." ರುದ್ರಯ್ಯ ತಕ್ಕಡಿ ಒರೆಸಿದ. "ಅಲ್ಲದೆ ಇವ್ರು ಬಳಕೆದಾರ್ರೇ ಅಲ್ಲ. ಎಸ್ಟೇಟ್ ವ್ಯಾಪಾರಕ್ಕೆ ಕೊಂಡೋರಿಗೆ ವೇದಿಕೆ ಇಲ್ಲ. ಓದ್ಸಲದ ಕೇಸಲ್ಲಿ ನೀವೇ ಕಲಿಸಿದ್ದು."

ಟೀಚರ್ ಮುಖ ಪಂಕ್ಚರ್ ಆಯಿತು. ಧರ್ಮನ ಕಣ್ಣಮುಂದೆ ತೋಟದ ಸಿಲ್ವರ್ ಓಕ್ ಮರವೊಂದು ಆಕಾಶದವರೆಗೆ ಬೆಳೆಯಿತು. ಟೀಚರ್ ಅವನ ಕಿವಿಯಲ್ಲಿ ಪಿಸುಗುಟ್ಟಿದರು: "ಸ್ವಂತಕ್ಕೆ ಕೊಂಡೆ, ನಾನೇ ಹತ್ತೋನು ಅನ್ನಪ್ಪ. ಆಗ ನೀನು ಬಳಕೆದಾರ."

"ನನಗೇ ಕಣ್ರೀ ಕೊಂಡಿದ್ದು," ಎಂದ ಧರ್ಮ, ಇಡೀ ಪೇಟೆಗೆ ಕೇಳುವಂತೆ. "ಮರ ಹತ್ತೋನು ನಾನೇ. ಚಿಕ್ಕಂದಿನಿಂದ ಅಭ್ಯಾಸ."

ರುದ್ರಯ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಒಳಹೋಗಿ, ಗುರುತು ಮುದ್ರೆ ಎಲ್ಲ ಇದ್ದ ದಪ್ಪ ಹಗ್ಗ ತಂದುಕೊಟ್ಟ. ಧರ್ಮ ಅದನ್ನು ಹೂಮಾಲೆಯಂತೆ ಕೊರಳಿಗೆ ಹಾಕಿಕೊಂಡ.

ರುದ್ರಯ್ಯ ಫೋನ್ ಎತ್ತಿಕೊಂಡ. "ಜೆರಾಲ್ಡ್ ಸಾಯೇಬ್ರಾ? ನಿಮ್ಮ ರೈಟರ್ ಗೆದ್ಬುಟ್ರು. ಮರ ಅತ್ತೋನು ನಾನೇ ಅಂತ ಟೀಚರ್ ಮುಂದೆ ಒಪ್ಕಂಡ್ರು. ತಗಳಿ, ಅವ್ರೇ ಮಾತಾಡ್ತಾರೆ."

ರಿಸೀವರ್‌ನಲ್ಲಿ ಜೆರಾಲ್ಡ್ ದನಿ ಹಾಲಿನಂತಿತ್ತು. "ಮೊದಲೇ ಹೇಳೋದಲ್ವಾ ಮಾರಾಯ? ಹತ್ತೋಕೆ ಆಳು ಸಾಲ್ತಿಲ್ಲ ಅಂತ ತಲೆ ಕೆಡಿಸ್ಕೊಂಡಿದ್ದೆ. ಬೆಳಿಗ್ಗೆ ಬೇಗ ಬಾ."

ಧರ್ಮ ಕಲ್ಯಾಣಮ್ಮನವರತ್ತ ದೀನನಾಗಿ ನೋಡಿದ.

"ಹೆದರಬೇಡಪ್ಪ," ಎಂದರು ಅವರು. "ಸಂಘದವರನ್ನೆಲ್ಲ ಕರ್ಕೊಂಡು ನಾನೂ ಬರ್ತೀನಿ. ನೀನು ಹತ್ತದೇ ಹೋದರೆ ನಾನು ಸುಳ್ಳು ಹೇಳಿಸಿದ ಹಾಗಾಗುತ್ತಲ್ಲ."