ನಾನು ಕೊಟ್ಟ ರಾಜೀನಾಮೆ

ಇಪ್ಪತ್ತೆರಡು ವರ್ಷ ಸರ್ಕಾರಿ ಕಚೇರಿಯ ಟಪಾಲು ಕಿಟಕಿಯಲ್ಲಿ ಕೂತು ಸವೆದವನಿಗೆ ಸಿಟ್ಟು ಬರಬಾರದೆಂದು ಯಾವ ಕಾನೂನಿನಲ್ಲಿದೆ? ಮೊನ್ನೆ ಮೊನ್ನೆ ಬಂದ ಸಾಹೇಬರು, ಇನ್ನೂ ಮೀಸೆ ಬಲಿತಿಲ್ಲ, ಜನರೆದುರು ನನ್ನನ್ನು "ಬಸವನ ಹುಳು" ಅಂದರು. ಅಂದೇ ರಾಜೀನಾಮೆ ಬರೆದು ಕಚೇರಿಯ ಟಪಾಲಿಗೆ ಹಾಕಿದೆ. (ಬರೆದವಳು ಹೆಂಡತಿ. ನನ್ನದು ಏಳನೇ ಕ್ಲಾಸು. ಸಿಟ್ಟಿನಲ್ಲಿ ಮಾತ್ರ ಪದವೀಧರ.)

ಪಾರ್ಸಲ್ ಕಂಪನಿಯವರು ಗೋದಾಮು ನೋಡಿಕೊಳ್ಳಲು ಕರೆದಿದ್ದರು. ಎರಡು ವಾರದಾಚೆಯ ಸೋಮವಾರದೊಳಗೆ ಇಲ್ಲಿಂದ ಬಿಡುಗಡೆ ಪತ್ರ ತರಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೆಲಸ.

"ಅಲ್ಲಿ ಹೀಗೆ ಕೂಗಾಡಿದ್ರೆ ಸಂಜೆಗೇ ಮನೆಗೆ ಕಳಿಸ್ತಾರೆ," ಅಂದಳು, ನನ್ನ ಮದುವೆಯ ಬೂಟಿಗೆ ಪಾಲಿಶ್ ತಿಕ್ಕುತ್ತಾ.

"ಕೂಗಾಡೋ ಪ್ರಸಂಗವೇ ಬರಲ್ಲ ಕಣೇ. ಖಾಸಗಿಯವರದ್ದು ಚಕಚಕ ಕೆಲಸ."

ಚಕಚಕ ನಡೆಯುವುದನ್ನು ಹಜಾರದಲ್ಲೇ ಅಭ್ಯಾಸ ಮಾಡಿದೆ. ಹತ್ತು ದಿನ ಕಳೆದರೂ ಪತ್ರ ಬರಲಿಲ್ಲ.

"ಹೊಟ್ಟೆಕಿಚ್ಚು ಕಣೇ. ಸಾಹೇಬರು ಬೇಕೂಂತ ಹಿಡಿದಿಟ್ಟಿದ್ದಾರೆ."

"ಹೋಗಿ ಒಂದು ಮಾತು ಕೇಳಬಾರದಾ?"

"ಅವರ ಬಾಗಿಲಿಗೆ ನಾನಾ? ತಲೆ ಹೋದರೂ ಇಲ್ಲ."

ಶುಕ್ರವಾರ ತಲೆ ತಗ್ಗಿಸಿ ಮುದ್ರೆ ಕುಟ್ಟುತ್ತಿದ್ದೆ. ಕಿಟಕಿಯಲ್ಲೊಂದು ದನಿ:

"ನಮ್ಮನೆಯವರ ಕಾಗದ ಎಲ್ಲಿಗೆ ಬಂತು, ಸ್ವಾಮಿ?"

"ಮೇಲೆ ಹೋಗಿದೆ. ನಾಳೆ ಬನ್ನಿ."

"ನಾಳೆ ರಜೆ ಅಲ್ವಾ?"

"ಹಾಗಾದ್ರೆ ಸೋಮವಾರ ಬನ್ನಿ. ಜೀವ ತಿನ್ನಬೇಡಿ."

"ಸೋಮವಾರ ನೀವು ಇಲ್ಲಿರಲ್ವಲ್ಲ."

ತಲೆ ಎತ್ತಿದೆ. ಹೆಂಡತಿ.

ನಮ್ಮ ಕಿಟಕಿಯದ್ದೊಂದು ಪದ್ಧತಿ. ಬಂದು ಬಂದು ಕಾಡುವವರ ಕಾಗದ ಮೊದಲು ಮೇಲಕ್ಕೆ. ಯಾರೂ ಕೇಳದ್ದು ಪೆಟ್ಟಿಗೆಯ ತಳಕ್ಕೆ. ಈ ಶಾಸನ ಹೊರಡಿಸಿದ ಚಕ್ರವರ್ತಿ ನಾನೇ. ಮೇಜಿನ ಕೆಳಗಿನ ಪೆಟ್ಟಿಗೆಗೆ ಕೈ ಹಾಕಿ ತಡಕಾಡಿದೆ. ತಳದಲ್ಲಿತ್ತು ನನ್ನ ರಾಜೀನಾಮೆ, ನಾನೇ ಕುಟ್ಟಿದ ಮುದ್ರೆಯ ಸಮೇತ. ಸಾಹೇಬರು ಅದರ ಮುಖವನ್ನೇ ನೋಡಿರಲಿಲ್ಲ. ಅದಕ್ಕೂ ಕೆಳಗೆ ಇನ್ನೊಂದು ಅರ್ಜಿ.

"ಹೊರಗೆ ಆ ಬೆಂಚಿನ ಮೇಲಿರೋ ಅಜ್ಜನದ್ದಿರಬೇಕು," ಅಂದಳು. "ಒಂದೇ ಸಲ ಕೇಳಿದ್ರಂತೆ. ನೀವು ರೇಗಿದ್ರಂತೆ. ಆಮೇಲೆ ಬಂದು ಸುಮ್ಮನೆ ಕೂತು ಹೋಗ್ತಾರಂತೆ, ಮೂರು ತಿಂಗಳಿಂದ."

ಬಾಯಿಗೆ ಬಂದ ಬೈಗುಳ ಯಾರ ಮೇಲೆ ಹಾಕುವುದೆಂದು ತಿಳಿಯದೆ ನುಂಗಿದೆ. ಎರಡೂ ಕಾಗದ ಹಿಡಿದು, ತಲೆ ಹೋಗದೆಯೇ, ಸಾಹೇಬರ ಬಾಗಿಲಿಗೆ ಹೋದೆ. ಅಜ್ಜನದ್ದಕ್ಕೆ ಅಲ್ಲೇ ಸಹಿ ಬಿತ್ತು. ನನ್ನದನ್ನು ತಿರುಗಿಸಿ ನೋಡಿದರು.

"ಇದು ನನ್ನ ಮೇಜಿಗೆ ಇವತ್ತು ತಾನೇ ಬಂದಿದೆ. ಪರಿಶೀಲಿಸಬೇಕು. ಹೊರಗೆ ಕೂತಿರಿ."

ಹೊರಗೆ ಹೆಂಡತಿ ಸರಿದು ಜಾಗ ಕೊಟ್ಟಳು. ಆ ಬೆಂಚಿನ ಹಲಗೆ ನಡುವೆ ಸೀಳಿದೆ, ಕೂತರೆ ಚುಚ್ಚುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ನನಗೆ ಹೇಳಿರಲಿಲ್ಲ.

(ಹೇಳಿರಬಹುದು. ನಾಳೆ ಬನ್ನಿ ಅಂದಿರಬೇಕು ನಾನು.)