ಕೇಳಿದೊಡನೆ ಒದಗುವ ಬೆಳಕು

ನಮ್ಮ ಮಹಾನಗರದಲ್ಲಿ ವಿಜ್ಞಾನವು ಒಂದು ಹೆಜ್ಜೆ ಮುಂದಿಟ್ಟಾಗಲೆಲ್ಲ ಯಾರಾದರೊಬ್ಬರು ಅದರ ಕಾಲಿಗೆ ಅಡ್ಡ ಬರುವುದು ತಪ್ಪಿದ್ದಲ್ಲ. ಹಾಗೆ ಅಡ್ಡ ಬರುವವರು ಬಹುಮಟ್ಟಿಗೆ ಅದನ್ನು ಆರತಿಯೆತ್ತಿ ಬರಮಾಡಿಕೊಂಡವರೇ ಆಗಿರುತ್ತಾರೆ. ಈ ಶತಮಾನದ ಮೊದಲ ದಶಕದಲ್ಲಿ, ರಾಜಾಜಿನಗರದ ಒಂದು ಹಸ್ತಪ್ರತಿ ಭಂಡಾರದಲ್ಲಿ ನಾನು ಗೌರವ ಸಂಪಾದಕನಾಗಿದ್ದಾಗ ಇದರ ದರ್ಶನ ನನಗೆ ಪದೇಪದೇ ಲಭಿಸಿತು.

ಬೇಡಿಕೆ

ವಿಜಯನಗರದ ಗೃಹಿಣಿಯೊಬ್ಬರು ತಮ್ಮ ಮನೆತನದ ತಾಳೆಗರಿಯ ಕಟ್ಟೊಂದನ್ನು ಛಾಯಾಚಿತ್ರ ತೆಗೆಯಲು ನಮಗೆ ಕೊಟ್ಟಿದ್ದರು. ಆಯುಧಪೂಜೆಯ ಹೊತ್ತಿಗೆ ಅದು ಅವರ ದೇವರಮನೆಗೆ ಮರಳತಕ್ಕದ್ದು, ಆಮೇಲೆ ಹೊಸ್ತಿಲು ದಾಟತಕ್ಕದ್ದಲ್ಲ ಎಂಬುದು ಅವರ ಷರತ್ತು. ನಾನು, "ಓದಲು ಬಾರದವರು ಪೂಜಿಸುತ್ತಾರಮ್ಮ," ಎಂದೆ. ಆಕೆ ಕಟ್ಟಿಗೆ ಕೈಮುಗಿದು ಹೊರಟರು.

ಆ ಸವೆದ ಲಿಪಿಯನ್ನು ಓದಬಲ್ಲ ಪಂಡಿತರು ನಮ್ಮ ಕೆಂಗೇರಿ ಶಾಖೆಯಲ್ಲಿದ್ದರು. ಸೊಂಟದ ವ್ಯಾಧಿಯಿಂದಾಗಿ ಅವರು ಪಯಣಿಸುವಂತಿರಲಿಲ್ಲ. ಯಾವ ಗರಿಯ ಚಿತ್ರ ಓದಲಾಗದೆಂದು ಅವರು ನೋಡಿ ಹೇಳಿದರೆ, ಕಟ್ಟು ಕೈಬಿಡುವ ಮುನ್ನ ಅದನ್ನು ಮತ್ತೆ ತೆಗೆಯಬಹುದಿತ್ತು. ಚಿತ್ರಗಳನ್ನು ಸೀಡಿಯಲ್ಲಿ ಬರೆದು ಬಸ್ಸಿನಲ್ಲಿ ಕಳುಹಿಸೋಣವೆಂದೆ.

"ಸೀಡಿನಾ! ಜನ ನಗ್ತಾರೆ ಸಾರ್," ಎಂದರು ನಮ್ಮ ಕಾರ್ಯದರ್ಶಿ. ಮರುದಿನವೇ ಇಂಟರ್ನೆಟ್ ಕಂಪನಿಯೊಂದರಿಂದ ಟೈ ಕಟ್ಟಿದ ತರುಣನೊಬ್ಬನನ್ನು ಕರೆತಂದರು.

ತರುಣನು ನಿರರ್ಗಳನಾಗಿದ್ದನು. "ಇದು ಆನ್-ಡಿಮ್ಯಾಂಡ್ ಈಥರ್ನೆಟ್ ಸಾರ್. ಗಾಜಿನ ಎಳೆ, ಒಳಗೆ ಬೆಳಕು. ನಿಮ್ಮ ಎರಡೂ ಆಫೀಸು ಒಂದೇ ಕೋಣೇಲಿದ್ದಂಗೆ! ದಿನಾ ಸಣ್ಣ ದಾರಿ ಸಾಕು. ದೊಡ್ಡ ಫೈಲ್ ಬಂತಾ? ಕೇಳಿ, ಆ ಕ್ಷಣ ದಾರಿ ಅಗಲ ಮಾಡಿಕೊಡ್ತೀವಿ."

"ಕೇಳುವುದು ಹೇಗೆ?"

"ಒಂದು ಫೋನ್ ಮಾಡಿ ಸಾರ್, ಸಾಕು. ಎರಡು ವಾರ ಮುಂಚೆ."

ಎರಡು ವಾರ ಮುಂಚೆ ಹೇಳಿದರೆ ನಮ್ಮ ಬೀದಿಯ ಅಡುಗೆಯವನು ಸಾವಿರ ಎಲೆಗೆ ಹೋಳಿಗೆ ಬಡಿಸುತ್ತಾನೆ. ಅವನು ಟೈ ಕಟ್ಟುವುದಿಲ್ಲ.

ಎರಡು ದಾರಿ

ಎಳೆಯೇನೋ ಬಂತು. ಅಗಲವಾದ ದಾರಿಯನ್ನೂ ಆಗಲೇ ಕೇಳಿಟ್ಟೆವು. ಅದು ಒದಗುವ ದಿನ ಆಯುಧಪೂಜೆಯ ಮುನ್ನಾದಿನವೆಂದು ಗೊತ್ತಾಯಿತು. ಅಲ್ಲಿಯವರೆಗೆ ಸಣ್ಣ ದಾರಿಯಲ್ಲೇ ಒಂದೊಂದು ಚಿತ್ರವನ್ನು ತೆವಳಿಸುತ್ತಿರಲಾಗಿ, ಒಂದು ದಿನ ಅದೂ ಸತ್ತಿತು. ವಿಜಯನಗರದಲ್ಲಿ ಒಳಚರಂಡಿಗಾಗಿ ನೆಲ ಬಗೆಯುತ್ತಿದ್ದ ಯಂತ್ರವು ಎಳೆಯನ್ನು ಕಡಿದಿತ್ತು.

"ಒಂದು ಕಡಿದರೆ ಮತ್ತೊಂದು ಎಂದು ಬೇರೆ ಬೇರೆ ದಾರಿಯ ಎರಡು ಎಳೆಗೆ ಬೆಲೆ ತೆತ್ತಿದ್ದೇವಲ್ಲ! ಆ ಎರಡನೆಯದೆಲ್ಲಿ?" ಎಂದು, ನೋಡಲು ಬಂದ ಹುಬ್ಬಳ್ಳಿಯ ಕಡೆಯ ಎಂಜಿನಿಯರನ್ನು ಕೇಳಿದೆ.

"ಐತ್ರಿ ಸರ್. ಅದೂ ಕಡದೈತಿ."

"ಅದು ಸುಂಕದಕಟ್ಟೆಯ ಮೇಲೆ ಹೋಗಬೇಕಿತ್ತಲ್ಲವೇ?"

"ನಕ್ಷಾದಾಗ ಹಂಗ ಐತ್ರಿ. ಆದ್ರ ಇನ್ನೊಂದು ತಗ್ಗು ಯಾಕ ತೋಡೂದಂತ ಎರಡೂ ಒಂದರಾಗ ಹಾಕ್ಯಾರ್ರಿ."

ಒಂದು ಕೆಟ್ಟರೆ ಇನ್ನೊಂದು ಕಾಯಲಿ ಎಂದು ಮನೆಗೆ ಎರಡು ಬೀಗ ತಂದು, ಎರಡರ ಕೀಲಿಯನ್ನೂ ಒಂದೇ ಬಾವಿಗೆ ಎಸೆಯುವ ಈ ಜಾಣ್ಮೆಗೆ ಕಂಪನಿಯು ಇಟ್ಟಿದ್ದ ಹೆಸರು 'ಸುರಕ್ಷಾ ಯೋಜನೆ'.

ಬೆಳಕಿನ ಪೂಜೆ

ಎಳೆಯನ್ನು ಮತ್ತೆ ಬೆಸೆದರು. ಮುನ್ನಾದಿನ ಬೆಳಗ್ಗೆ ದಾರಿ ನಿಜವಾಗಿಯೂ ಅಗಲವಾಯಿತು. ಚಿತ್ರಗಳು ಓಡಲಾರಂಭಿಸಿದವು, ನನ್ನ ತಿರಸ್ಕಾರವೂ ಅರೆಗಳಿಗೆ ತಲೆ ತಗ್ಗಿಸಿತು. ಕೆಂಗೇರಿಯಿಂದ ಪಂಡಿತರು ಫೋನಿನಲ್ಲಿ, "ಬರ್ತಾ ಇದೆ ಕಣಯ್ಯಾ, ಸ್ಫಟಿಕದ ಹಾಗೆ ಕಾಣ್ತಾ ಇದೆ!" ಎಂದು ಹಿಗ್ಗಿದರು. ನಾನು ಕಾಫಿ ಕುಡಿಯಲು ಹೊರಟೆ.

ಮರಳಿ ಬಂದಾಗ ಭಂಡಾರವು ಊದುಬತ್ತಿಯ ಹೊಗೆಯಲ್ಲಿ ಮುಳುಗಿತ್ತು. ರಜೆಯ ಹಿಂದಿನ ದಿನವೇ ಕಚೇರಿಯ ಪೂಜೆ ಮುಗಿಸುವುದು ವಾಡಿಕೆಯಷ್ಟೆ, ಕಾರ್ಯದರ್ಶಿಗಳು ಮುಗಿಸಿದ್ದರು. ಕಂಪ್ಯೂಟರಿಗೆ ಸೇವಂತಿಗೆ, ಬಾಗಿಲಿಗೆ ಬಾಳೆಕಂದು, ಹೊಸ್ತಿಲಲ್ಲಿ ಬೂದುಗುಂಬಳದ ಹೋಳು. ಪಂಡಿತರ ಫೋನು ಮಾತ್ರ ಒಂದೇ ಸಮನೆ ಅರಚುತ್ತಿತ್ತು: "ನಿಂತುಹೋಯ್ತು ಕಣಯ್ಯಾ!"

ಎಂಜಿನಿಯರು ಓಡಿಬಂದನು. ಗೋಡೆಯ ಪೆಟ್ಟಿಗೆಯಿಂದ ಎಳೆಯನ್ನು ಕಳಚಿ, ಅದರ ತುದಿಯನ್ನು ನೋಡಿ, ಕಣ್ಣುಜ್ಜಿಕೊಂಡು ಮತ್ತೆ ನೋಡಿದನು.

"ಯಾರ್ರೀ ಇದಕ್ಕ ಕುಂಕುಮ ಹಚ್ಚಿದವ್ರು?"

"ನಾನೇ," ಎಂದರು ಕಾರ್ಯದರ್ಶಿ, ಪ್ರಸನ್ನವದನರಾಗಿ. "ಪೆಟ್ಟಿಗೆ ಮೇಲೆ ಹಚ್ಚಿದ್ರೆ ಏನು ಬಂತು? ಬೆಳಕು ಹೊರಡೋ ಜಾಗಕ್ಕೇ ಆಗ್ಬೇಕಲ್ವಾ ಪೂಜೆ? ಬಿಚ್ಚಿ, ಗಂಧ ಕುಂಕುಮ ಇಟ್ಟು, ವಾಪಸ್ ಸಿಕ್ಕಿಸಿದೆ."

"ಕೂದಲಕ್ಕಿಂತ ಸಣ್ಣ ಕಣ್ಣರೀ ಅದು! ಪೆಟಗೀ ಒಳಗೂ ಗಂಧ ಮೆತ್ತೇತಿ. ಹೊಸಾದು ತರಸಬೇಕು."

"ತರಿಸಯ್ಯಾ, ಕೇಳುತ್ತಿದ್ದೇನಲ್ಲ!" ಎಂದೆ.

"ಎರಡು ವಾರ ಮೊದಲ ಹೇಳಬೇಕ್ರಿ ಸರ್."

ಸೀಡಿ ಬರೆದುಕೊಡಿ, ನಾನೇ ಕೆಂಗೇರಿಯ ಬಸ್ಸು ಹತ್ತುವೆನೆಂದೆ. ಕಾರ್ಯದರ್ಶಿ ಕಂಪ್ಯೂಟರಿಗೆ ಅಡ್ಡಲಾಗಿ ನಿಂತರು. "ಪೂಜೆ ಆದ ಆಯುಧ ಸಾರ್. ನಾಳೆ ಕಳೆಯೋವರೆಗೂ ಮುಟ್ಟೋ ಹಾಗಿಲ್ಲ."

ಆ ಸುಮುಹೂರ್ತಕ್ಕೆ ಸರಿಯಾಗಿ ವಿಜಯನಗರದ ಆ ಗೃಹಿಣಿ ತಮ್ಮ ಕಟ್ಟನ್ನು ಒಯ್ಯಲು ಒಳಗೆ ಬಂದರು. ಅರ್ಧಕ್ಕರ್ಧ ಚಿತ್ರಗಳನ್ನು ಪಂಡಿತರು ಇನ್ನೂ ನೋಡಿರಲಿಲ್ಲ. ನಾನು ನಡೆದುದನ್ನೆಲ್ಲ ಅರುಹಿ, ಇನ್ನು ಕೆಲವು ದಿನದ ಅವಧಿಯನ್ನು ಯಾಚಿಸಿದೆ. ಅಷ್ಟು ವಿನಯ ನನ್ನಲ್ಲಿತ್ತೆಂದು ನನಗೇ ತಿಳಿದಿರಲಿಲ್ಲ.

ಆಕೆ ಕಟ್ಟನ್ನು ರೇಷ್ಮೆಯ ಬಟ್ಟೆಯಲ್ಲಿ ಸುತ್ತಿಕೊಂಡರು. ಕಂಪ್ಯೂಟರಿನ ಹಣೆಯ ಸೇವಂತಿಗೆಯನ್ನೂ ಎಳೆಯ ತುದಿಯ ಕುಂಕುಮವನ್ನೂ ನಿಧಾನವಾಗಿ ನೋಡಿದರು.

"ಆಗ್ಲಿ ಬಿಡಿ ಮೇಷ್ಟ್ರೇ. ಹೊಸ್ತಿಲು ದಾಟಿಸಲ್ಲ ಅಂದಿದ್ದೆ, ಪರವಾಗಿಲ್ಲ. ಹಬ್ಬ ಕಳೀಲಿ, ನಾನೇ ಬಸ್ಸಲ್ಲಿ ಕೆಂಗೇರಿಗೆ ತಗೊಂಡೋಗಿ ಪಂಡಿತರಿಗೆ ತೋರಿಸ್ತೀನಿ. ಇಲ್ಲಿಗಂತೂ ಮತ್ತೆ ತರಲ್ಲ." ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಓದೋಕೆ ಬರದೋರು ಪೂಜೆ ಮಾಡ್ತಾರೆ ಅಂದಿದ್ರಲ್ಲ? ನಮ್ಮನೇಲಿ ಮುತ್ತಜ್ಜಿ ಕಾಲದಿಂದ ಪೂಜೆ ಮಾಡ್ತಾ ಇದೀವಿ, ಒಂದಕ್ಷರ ಮುಕ್ಕಾಗಿಲ್ಲ. ನೀವು ಒಂದೇ ಒಂದು ಸಲ ಪೂಜೆ ಮಾಡಿದ್ದಕ್ಕೆ ಕೆಂಗೇರಿವರೆಗೂ ಕತ್ತಲಾಯ್ತಲ್ರೀ!"